ಕೂಸನ್ನು ಕಂಡು ಕುಲಾವಿ

‘ಕೂಸು ಹುಟ್ಟುವ ಮೊದಲೇ ಕುಲಾವಿ’ ಎಂಬ ಗಾದೆಯನ್ನು ನಾವು ಆತುರಗಾರರನ್ನು ಹಾಸ್ಯಮಾಡಲು ಬಳಸುತ್ತೇವೆ. ಉದ್ಯೋಗ ದೊರೆಯುವ ಮೊದಲೇ ಸಂಬಳವನ್ನು ಹಂಚಿಡುವವನಿಗೂ, ಜಾತಕ ಕೂಡಿಬರುವ ಮೊದಲೇ ಛತ್ರವನ್ನು ಗೊತ್ತುಮಾಡುವವನಿಗೂ ಈ ಮಾತು ಸಮನಾಗಿ ಅನ್ವಯಿಸುತ್ತದೆ. ಆದರೆ ಈ ಗಾದೆಯನ್ನು ಮೊದಲು ಆಡಿದವರು ಯಾರೇ ಆಗಿರಲಿ, ಅವರು ಹೊಲಿಗೆಯ ಮರ್ಮವನ್ನು ಬಲ್ಲವರಾಗಿದ್ದರೆಂದು ತೋರುತ್ತದೆ. ಅಂಗಿ, ಲಂಗ, ಚಡ್ಡಿಗಳನ್ನೆಲ್ಲ ಬಿಟ್ಟು ಅವರು ಕುಲಾವಿಯನ್ನೇ ಆರಿಸಿಕೊಂಡರು. ಅಂಗಿ ತುಸು ಸಡಿಲವಾದರೆ ನಡೆದೀತು, ತೋಳು ಉದ್ದವಾದರೆ ಮಡಿಸಬಹುದು. ಕುಲಾವಿಯಾದರೋ ಬಿಗಿಯಾದರೆ ತಲೆಗೇರದು, ಸಡಿಲವಾದರೆ ಕಣ್ಣಿನ ಮೇಲೆ ಕುಳಿತುಬಿಡುತ್ತದೆ. ಕೂಸನ್ನು ನೋಡದೆ ಅದನ್ನು ಹೊಲಿಯುವಂತಿಲ್ಲ.

ನೋಡಿ ಹೊಲಿದರೂ ಕಷ್ಟ ತಪ್ಪಿದ್ದಲ್ಲ. ತಿಂಗಳು ತುಂಬಿ ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 34–35 ಸೆಂಟಿಮೀಟರ್ ಇರುತ್ತದೆ. ಮೊದಲ ಮೂರು ತಿಂಗಳು ಅದು ತಿಂಗಳಿಗೆ ಸುಮಾರು 2 ಸೆಂ.ಮೀ.ನಂತೆ ಬೆಳೆಯುತ್ತದೆ, ಮುಂದಿನ ಮೂರು ತಿಂಗಳು 1 ಸೆಂ.ಮೀ.ನಂತೆ, ಅನಂತರ ಅರ್ಧ ಸೆಂ.ಮೀ.ನಂತೆ. ವರ್ಷ ತುಂಬುವ ವೇಳೆಗೆ 46 ಸೆಂ.ಮೀ. ಮುಟ್ಟಿದ ತಲೆ ಇಡೀ ಎರಡನೆಯ ವರ್ಷದಲ್ಲಿ ಬೆಳೆಯುವುದು ಸುಮಾರು 2 ಸೆಂ.ಮೀ. ಮಾತ್ರ. ಅಂದರೆ ನಾಮಕರಣಕ್ಕೆ ತೊಡಿಸಿದ ಕುಲಾವಿ ಮೂರನೆಯ ತಿಂಗಳಿಗೆ ಬರುವುದಿಲ್ಲ. ಮೊದಲ ಹುಟ್ಟುಹಬ್ಬದ ಕುಲಾವಿಯೋ, ಎರಡನೆಯ ಹುಟ್ಟುಹಬ್ಬಕ್ಕೂ ಬಂದೀತು.

ಇದಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದುಂಟು. ಹುಟ್ಟಿದಾಗ ಮಗುವಿನ ತಲೆಯ ಸುತ್ತಳತೆ ಅದರ ಎದೆಯ ಸುತ್ತಳತೆಗಿಂತ ದೊಡ್ಡದು. ವರ್ಷ ತುಂಬುವ ಹೊತ್ತಿಗೆ ಎರಡೂ ಹೆಚ್ಚು ಕಡಿಮೆ ಸಮವಾಗುತ್ತವೆ. ಅಲ್ಲಿಂದ ಮುಂದೆ ಎದೆ ತಲೆಯನ್ನು ಹಿಂದಿಕ್ಕುತ್ತದೆ. ದೊಡ್ಡವರ ಅಂಗಿಯಲ್ಲಿ ಮೈ ಹಿಡಿದರೆ ಸಾಕು, ತಲೆ ತಾನಾಗಿ ತೂರುತ್ತದೆ. ಕೂಸಿನ ಅಂಗಿಯಲ್ಲಿ ಮೈ ಹಿಡಿದರೂ ತಲೆ ತೂರದೆ ಹೋಗಬಹುದು. ಸ್ನಾನವಾದ ಬಳಿಕ ಅಂಗಿ ತೊಡಿಸುವಾಗ ಮನೆ ಮನೆಗಳಲ್ಲಿ ಏಳುವ ಆರ್ತನಾದಕ್ಕೆ ಅರ್ಧ ಕಾರಣ ಇದೇ. ದೊಡ್ಡವರ ಉಡುಪನ್ನು ಕುಗ್ಗಿಸಿದರೆ ಮಗುವಿನ ಉಡುಪಾಗುವುದಿಲ್ಲ. ಮಗುವಿನ ಮೈಯೇ ಬೇರೆ, ಅದರ ಲೆಕ್ಕವೇ ಬೇರೆ. ಮನೆಯಲ್ಲಿ ಹೊಲಿಯುವವರು ತಿಳಿಯಬೇಕಾದ ಮೊದಲ ಪಾಠವೂ ಇದೇ, ಕೊನೆಯ ಪಾಠವೂ ಇದೇ.

ಹಿರಿಯರ ಸೂಜಿ

ನಮ್ಮ ಹಿರಿಯರು ಈ ಪಾಠವನ್ನು ಸೆಂಟಿಮೀಟರ್ ಪಟ್ಟಿಯಿಲ್ಲದೆಯೇ ಕಲಿತಿದ್ದರು. ಉತ್ತರ ಕರ್ನಾಟಕದ ಕುಂಚಿಗೆಯನ್ನು ನೋಡಿರಿ. ತಲೆಯನ್ನು ಮುಚ್ಚಿ ಬೆನ್ನ ಮೇಲೆ ಇಳಿಬೀಳುವ ಈ ಉಡುಪಿಗೆ ತೋಳಿಲ್ಲ, ಎದೆಯ ಅಳತೆಯಿಲ್ಲ. ನೇರವಾದ ಬಟ್ಟೆಯನ್ನು ಮಡಿಸಿ ಒಂದು ಪಕ್ಕ ಹೊಲಿದರೆ ತಲೆಯ ಭಾಗ ಸಿದ್ಧ, ಉಳಿದುದು ಹೊದಿಕೆ. ಕತ್ತರಿಗೆ ಸಿಕ್ಕಿ ಹಾಳಾಗುವ ಬಟ್ಟೆ ಇಲ್ಲವೆಂದರೂ ಸಲ್ಲುತ್ತದೆ. ಮಗು ಬೆಳೆದರೂ ಕುಂಚಿಗೆ ಒಮ್ಮೆಲೇ ಚಿಕ್ಕದಾಗದು. ಗುಳೇದಗುಡ್ಡದ ಖಣದಲ್ಲಿ ಹೊಲಿದು, ಅಂಚಿಗೆ ಜರಿಯೋ ಮಣಿಯೋ ಕೂಡಿಸಿದ ಕುಂಚಿಗೆಯನ್ನು ತೊಟ್ಟಿಲಿಗೆ ಹಾಕುವ ದಿನ ಉಡುಗೊರೆಯಾಗಿ ತರುವುದುಂಟು.

ಮಗು ಹುಟ್ಟುವ ಮೊದಲು ಹೊಸ ಬಟ್ಟೆ ಹೊಲಿಯಬಾರದು, ಹುಟ್ಟಿದ ಮೇಲೂ ನಾಮಕರಣದವರೆಗೆ ಹಳೆಯ ಬಟ್ಟೆಯನ್ನೇ ಬಳಸಬೇಕು ಎಂಬ ಪದ್ಧತಿ ನಮ್ಮ ಅನೇಕ ಮನೆಗಳಲ್ಲಿ ಇದೆ. ಇದನ್ನು ಮೂಢನಂಬಿಕೆಯೆಂದು ತಳ್ಳಿಬಿಡುವ ಮೊದಲು ಹಿಂದಿನ ಕಾಲವನ್ನು ನೆನೆಯುವುದು ಉಚಿತ. 1971ರಲ್ಲಿ ಕೂಡ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 129 ತಮ್ಮ ಮೊದಲ ಹುಟ್ಟುಹಬ್ಬವನ್ನು ಕಾಣಲಿಲ್ಲ. ಈಗ ಆ ಸಂಖ್ಯೆ ಮೂವತ್ತಕ್ಕಿಂತ ಕೆಳಗೆ ಇಳಿದಿದೆ. ಹೊಲಿದಿಟ್ಟ ಹೊಸ ಅಂಗಿಯನ್ನು ಬರಿದೆ ಮಡಿಸಿಡಬೇಕಾಗಿ ಬಂದ ತಾಯಂದಿರು ಇದ್ದ ಕಾಲದಲ್ಲಿ ಆ ಪದ್ಧತಿ ಬೆಳೆದುಬಂದಿತು; ಅದರಲ್ಲಿ ಅಡಗಿರುವುದು ಅಜ್ಞಾನಕ್ಕಿಂತ ಹೆಚ್ಚಾಗಿ ಭಯ. ಭಯದ ಜೊತೆಗೆ ವಿವೇಕವೂ ಸೇರಿಕೊಂಡಿತ್ತು. ನೂರಾರು ಸಲ ಒಗೆದ ಹತ್ತಿಯ ಸೀರೆಯಲ್ಲಿ ಗಂಜಿಯ ಅಂಶ ಉಳಿದಿರುವುದಿಲ್ಲ; ನೂಲು ಮೆತ್ತಗಾಗಿರುತ್ತದೆ; ಬಿಡುವ ಬಣ್ಣವೆಲ್ಲ ಬಿಟ್ಟು ಹೋಗಿರುತ್ತದೆ. ಎಳೆಯ ಚರ್ಮಕ್ಕೆ ಅದಕ್ಕಿಂತ ಹಿತವಾದುದು ಅಂಗಡಿಯಲ್ಲಿ ದೊರೆಯುವುದು ಕಷ್ಟ.

ಹೊಲಿಗೆಯ ಕೆಲಸವನ್ನು ನಮ್ಮ ನಾಡು ಎಂದೂ ಕೀಳಾಗಿ ಕಂಡಿಲ್ಲ. ಹನ್ನೆರಡನೆಯ ಶತಮಾನದ ಶರಣರ ನಡುವೆ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನಿದ್ದ. ಸೂಜಿಯ ಕಾಯಕವನ್ನೇ ಅವನು ತನ್ನ ಹೆಸರಿನ ಮುಂದೆ ಧರಿಸಿದ್ದ. ಹೊಲಿಗೆಯ ಮಾತುಗಳೂ ದೂರ ದೂರದಿಂದ ಬಂದು ನಮ್ಮ ಮನೆ ಸೇರಿವೆ. ‘ಹೊಲಿ’ ಅಚ್ಚಗನ್ನಡ, ‘ಸೂಜಿ’ ಸಂಸ್ಕೃತದ ‘ಸೂಚಿ’ಯಿಂದ ಬಂದದ್ದು, ‘ದರ್ಜಿ’ ಪಾರಸಿಯದು, ಗುಂಡಿ ತೂರಿಸುವ ‘ಕಾಜಾ’ ಪೋರ್ಚುಗೀಸರ ‘ಕಾಸ’. ಆ ನುಡಿಯಲ್ಲಿ ‘ಕಾಸ’ ಎಂದರೆ ಮನೆ. ಗುಂಡಿಗೊಂದು ಮನೆ! ಒಂದು ಗೇಣು ಉದ್ದದ ಅಂಗಿಯಲ್ಲಿ ಇಷ್ಟೊಂದು ದೇಶಗಳು ಕೂಡಿವೆ.

ಬಟ್ಟೆಯ ಆಯ್ಕೆ

ಇನ್ನು ಕೆಲಸಕ್ಕೆ ತೊಡಗೋಣ. ಎಳೆಯ ಮಕ್ಕಳಿಗೆ ಹತ್ತಿಯೇ ಉತ್ತಮವೆಂಬುದರಲ್ಲಿ ಎರಡು ಮಾತಿಲ್ಲ. ಹತ್ತಿ ಬೆವರನ್ನು ಹೀರುತ್ತದೆ, ಗಾಳಿಯಾಡಲು ಬಿಡುತ್ತದೆ, ಬಿಸಿನೀರಿನ ಒಗೆತವನ್ನು ತಾಳುತ್ತದೆ. ಮಲ್ಮಲ್, ವಾಯಿಲ್, ತೆಳುವಾದ ಕೇಂಬ್ರಿಕ್ ಬೇಸಗೆಗೆ, ಫ್ಲ್ಯಾನಲ್ ಚಳಿಗಾಲಕ್ಕೆ. ಹೊಸ ಬಟ್ಟೆಯಾದರೆ ಕತ್ತರಿ ಹಾಕುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಬೇಕು. ಹತ್ತಿ ಮೊದಲ ಒಗೆತದಲ್ಲಿ ಕುಗ್ಗುವುದು ಸ್ವಭಾವ. ಹೊಲಿದ ಮೇಲೆ ಕುಗ್ಗುವ ಬದಲು ಹೊಲಿಯುವ ಮೊದಲೇ ಕುಗ್ಗಲಿ. ಸುಕ್ಕುಬೀಳದ ಬಟ್ಟೆಯೆಂದು ಮಾರುವ ಕೆಲವಕ್ಕೆ ಫಾರ್ಮಾಲ್ಡಿಹೈಡ್ ಸೇರಿದ ರಾಳವನ್ನು ಲೇಪಿಸಿರುತ್ತಾರೆ. ಅಂಥವನ್ನು ಕೂಸಿಗೆ ಬಳಸದಿರುವುದೇ ಕ್ಷೇಮ.

ಹಳೆಯ ಬಟ್ಟೆಯಾದರೆ ಬೆಳಕಿಗೆ ಹಿಡಿದು ನೋಡಿರಿ. ಸೀರೆಯ ಒಡಲು ಸವೆದಿದ್ದರೂ ಅಂಚಿನ ಬಳಿ ಗಟ್ಟಿಯಾಗಿರುವುದುಂಟು. ಅಜ್ಜನ ಹಳೆಯ ಪಂಚೆ ತ್ರಿಕೋನದ ಲಂಗೋಟಿಗಳಿಗೆ ಬಲು ಯೋಗ್ಯ. ಚೆನ್ನಾಗಿ ಒಗೆದು, ಬಿಸಿಲಿನಲ್ಲಿ ಒಣಗಿಸಿ, ಬಿಸಿ ಇಸ್ತ್ರಿ ಹಾಯಿಸಿ ಬಳಸಿದರೆ ಹಳತೆಂಬ ಸಂಕೋಚ ಬೇಕಿಲ್ಲ.

ಒಂದು ಜಬಲಾ

ಮೂರರಿಂದ ಆರು ತಿಂಗಳ ಮಗುವಿಗೆ ಹೊಂದುವ, ಮುಂದೆ ತೆರೆಯುವ ಒಂದು ಜಬಲಾದ ಲೆಕ್ಕ ಇದು. ಮುಂದೆ ತೆರೆಯುವುದೇ ಏಕೆಂದರೆ, ಇದನ್ನು ತಲೆಯ ಮೇಲಿಂದ ತೂರಿಸಬೇಕಾಗಿಲ್ಲ. ಅಂಗಾತ ಮಲಗುವ ಕೂಸಿನ ಬೆನ್ನಿಗೆ ಗಂಟೂ ಒತ್ತುವುದಿಲ್ಲ. 90 ಸೆಂ.ಮೀ. ಅಗಲದ ಬಟ್ಟೆ ಅರ್ಧ ಮೀಟರ್ ಸಾಕು.

ಮೊದಲು ಪತ್ರಿಕೆಯ ಹಾಳೆಯ ಮೇಲೆ ಆಕಾರವನ್ನು ಬರೆದು ಕತ್ತರಿಸಿಕೊಳ್ಳಿರಿ. ವಾರಪತ್ರಿಕೆಯ ಹಾಳೆಯಾದರೆ, ಧಾರಾವಾಹಿಯ ಆ ಕಂತನ್ನು ಮನೆಮಂದಿಯೆಲ್ಲ ಓದಿ ಮುಗಿಸಿದ್ದಾರೆಯೇ ಎಂದು ವಿಚಾರಿಸಿಕೊಳ್ಳುವುದು ಗೃಹಶಾಂತಿಯ ದೃಷ್ಟಿಯಿಂದ ಒಳ್ಳೆಯದು.

ಬಟ್ಟೆಯಿಂದ 70 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲದ ತುಂಡನ್ನು ತೆಗೆದುಕೊಂಡು ಉದ್ದವನ್ನು ಅರ್ಧಕ್ಕೆ ಮಡಿಸಿರಿ. ಈ ಮಡಿಕೆಯೇ ಹೆಗಲು. ಬಳಿಕ ಅಗಲವನ್ನು ಅರ್ಧಕ್ಕೆ ಮಡಿಸಿರಿ. ಈ ಮಡಿಕೆ ಮೈಯ ನಡುಗೆರೆ. ಈಗ ಬಟ್ಟೆ ನಾಲ್ಕು ಪದರಗಳಾಗಿ, 35 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲ ಇರುತ್ತದೆ. ಹೆಗಲ ಮಡಿಕೆಯಿಂದ 12 ಸೆಂ.ಮೀ. ಕೆಳಕ್ಕೆ ತೋಳಿನ ಗೆರೆಯನ್ನೂ, ನಡುಗೆರೆಯಿಂದ 15 ಸೆಂ.ಮೀ. ಹೊರಕ್ಕೆ ಪಕ್ಕೆಯ ಗೆರೆಯನ್ನೂ ಎಳೆದು, ತೋಳಿನ ಕೆಳಗೆ ಪಕ್ಕೆಯ ಆಚೆಗೆ ಉಳಿಯುವ ಭಾಗವನ್ನು ಕತ್ತರಿಸಿ ತೆಗೆಯಿರಿ. ಕಂಕುಳ ಮೂಲೆಯನ್ನು ಚೂಪಾಗಿ ಬಿಡದೆ ಕಮಾನಿನಂತೆ ಬಾಗಿಸಬೇಕು. ಬಟ್ಟೆ ಮೊದಲು ಹರಿಯುವುದು ಅಲ್ಲಿಯೇ. ಕೊರಳಿಗೆ ಹೆಗಲ ಮಡಿಕೆಯ ಮೇಲೆ ನಡುಗೆರೆಯಿಂದ 5 ಸೆಂ.ಮೀ. ಗುರುತಿಸಿ, ಮುಂಭಾಗಕ್ಕೆ 5 ಸೆಂ.ಮೀ., ಹಿಂಭಾಗಕ್ಕೆ ಒಂದೂವರೆ ಸೆಂ.ಮೀ. ಆಳ ಕೊಡಿರಿ. ಅನಂತರ ಮುಂಭಾಗವನ್ನು ಮಾತ್ರ ನಡುಗೆರೆಯಲ್ಲಿ ಮೇಲಿಂದ ಕೆಳಗಿನವರೆಗೆ ಸೀಳಿರಿ.

ಅರ್ಧ ಮೀಟರಿನಲ್ಲಿ ಮಿಕ್ಕ ಬಟ್ಟೆಯಿಂದ 32 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ಎರಡು ಪಟ್ಟಿಗಳನ್ನು ತೆಗೆದು, ಉದ್ದಕ್ಕೂ ಮಡಿಸಿ, ಸೀಳಿದ ಎರಡು ಅಂಚುಗಳಿಗೆ ಕೂಡಿಸಿದರೆ ಒಂದರ ಮೇಲೊಂದು ಕೂರುವ ಮುಂಪಟ್ಟಿ ಆಗುತ್ತದೆ. ಕೊರಳಿಗೆ ಹಾಕುವ ಪಟ್ಟಿಯನ್ನು ಮಾತ್ರ ಬಟ್ಟೆಯ ಓರೆಯಲ್ಲಿ, ಮೂಲೆಯಿಂದ ಮೂಲೆಗೆ ಕತ್ತರಿಸಬೇಕು. ನೇರಪಟ್ಟಿ ಬಾಗದು, ಓರೆಪಟ್ಟಿ ಎಳೆದಂತೆ ಬಾಗಿ ಕೊರಳಿನ ಸುತ್ತ ಸುಕ್ಕಿಲ್ಲದೆ ಕೂರುತ್ತದೆ. ಕಂಕುಳ ಬಳಿ ಉಳಿದ ತುಂಡುಗಳು ಇದಕ್ಕೆ ಸಾಲುತ್ತವೆ. ಕಟ್ಟಲು ಎದೆಯ ಪಕ್ಕದಲ್ಲೊಂದು, ಹೊಟ್ಟೆಯ ಪಕ್ಕದಲ್ಲೊಂದು ಚಿಕ್ಕ ಲಾಡಿ ಸಾಕು. ಕೊರಳಿನ ಬಳಿ ಬೇಡ.

ಪಕ್ಕೆಯ ಹೊಲಿಗೆಯನ್ನು ಮಡಿಸಿ ಎರಡನೆಯ ಸಲ ಹೊಲಿದು, ಬಿಡಿ ಅಂಚು ಒಳಗೆ ಮುಚ್ಚಿಹೋಗುವಂತೆ ಮಾಡಬೇಕು. ಹಾಗೆ ಮಾಡಲು ಬಾರದಿದ್ದರೆ ಹೊಲಿಗೆಯ ಅಂಚು ಹೊರಮೈಗೆ ಇರಲಿ. ನೋಡುವವರಿಗೆ ಅದು ತಿರುವುಮುರುವಾಗಿ ಕಂಡೀತು; ತೊಟ್ಟ ಕೂಸಿಗೆ ಮಾತ್ರ ಸರಿಯಾಗಿರುತ್ತದೆ. ಮಗುವಿನ ಬಟ್ಟೆಗೆ ಒಳಗು ಮುಖ್ಯ, ಹೊರಗು ಅಮುಖ್ಯ.

ಬೆಳೆಯುವ ಮೈಗೆ

ಹುಟ್ಟಿದಾಗ 50 ಸೆಂ.ಮೀ. ಇದ್ದ ಮಗು ವರ್ಷ ತುಂಬುವಾಗ 75 ಸೆಂ.ಮೀ. ಆಗುತ್ತದೆ, ತೂಕ ಐದು ತಿಂಗಳಿಗೆ ಇಮ್ಮಡಿ, ವರ್ಷಕ್ಕೆ ಮುಮ್ಮಡಿ. ಆದಕಾರಣ ಮೊದಲ ವರ್ಷ ಹೆಚ್ಚು ಬಟ್ಟೆಗಳನ್ನು ಹೊಲಿದು ಪೇರಿಸುವುದು ವ್ಯರ್ಥ. ಮೂರು ವರ್ಷದ ಮೇಲೆ ಬೆಳವಣಿಗೆ ನಿಧಾನವಾಗಿ ವರ್ಷಕ್ಕೆ ಆರೇಳು ಸೆಂ.ಮೀ.ಗೆ ಬರುತ್ತದೆ. ಹೊಲಿಗೆಯ ಜಾಣತನ ಫಲಕೊಡುವುದು ಈ ವಯಸ್ಸಿನಲ್ಲಿ.

ಹುಡುಗಿಯರ ಲಂಗದ ಕೆಳಗೆ ಅಡ್ಡಲಾಗಿ ಮಡಿಕೆಗಳನ್ನು ಹಿಡಿಯುವುದನ್ನು ಎಲ್ಲರೂ ನೋಡಿದ್ದೀರಿ. ಅವನ್ನು ಅಲಂಕಾರವೆಂದು ತಿಳಿಯುವವರೇ ಹೆಚ್ಚು. ಎರಡೂವರೆ ಸೆಂ.ಮೀ. ಆಳದ ಒಂದು ಮಡಿಕೆ 5 ಸೆಂ.ಮೀ. ಬಟ್ಟೆಯನ್ನು ನುಂಗುತ್ತದೆ. ಸೊಂಟದಿಂದ ಕೆಳಗಿನ ಒಂದು ವರ್ಷದ ಬೆಳವಣಿಗೆಗೆ ಅದು ಸಾಮಾನ್ಯವಾಗಿ ಸರಿಹೋಗುತ್ತದೆ. ಮೂರು ಮಡಿಕೆ ಹಿಡಿದ ಲಂಗವೆಂದರೆ ಮೂರು ವರ್ಷಗಳನ್ನು ಮುಂದಾಗಿ ಮಡಿಸಿಟ್ಟಂತೆ. ಯುಗಾದಿಗೊಂದು ಮಡಿಕೆ ಬಿಚ್ಚಿದರೆ ಲಂಗವೂ ಮಗುವಿನೊಡನೆ ಬೆಳೆಯುತ್ತದೆ. ಬಿಚ್ಚಿದ ಕಡೆ ಬಣ್ಣ ತುಸು ಗಾಢವಾಗಿ ಗೆರೆ ಕಾಣುವುದು ನಿಜ. ಅದರ ಮೇಲೊಂದು ಬಣ್ಣದ ಪಟ್ಟಿ ಹಚ್ಚಿದರೆ ಯಾರಿಗೂ ತಿಳಿಯದು.

ಚಡ್ಡಿಯ ವಿಷಯದಲ್ಲಿ ಮರೆಯಬಾರದ ಮಾತೊಂದಿದೆ. ಅಂಗಡಿಯ ಗಾಜಿನೊಳಗಿನ ಬೊಂಬೆ ಸದಾ ನಿಂತಿರುತ್ತದೆ. ನಮ್ಮ ಮಗು ನಿಲ್ಲುವುದೇ ಕಡಿಮೆ. ಅದು ಅಂಬೆಗಾಲಿಡುತ್ತದೆ, ಕುಕ್ಕರಗಾಲಿನಲ್ಲಿ ಕುಳಿತು ಇರುವೆಯನ್ನು ನೋಡುತ್ತದೆ. ಆದ್ದರಿಂದ ಚಡ್ಡಿಯ ಹಿಂಭಾಗ ಮುಂಭಾಗಕ್ಕಿಂತ ಮೂರು ನಾಲ್ಕು ಸೆಂ.ಮೀ. ಎತ್ತರವಾಗಿರಬೇಕು. ಎರಡು ಕಾಲುಗಳ ಹೊಲಿಗೆ ಕೂಡುವಲ್ಲಿ ಅಂಗೈಯಗಲದ ಒಂದು ಚೌಕದ ತುಂಡನ್ನು ಓರೆಯಾಗಿ ಕೂಡಿಸಿದರೆ ಕುಳಿತಾಗ ಬಿಗಿಯುವುದಿಲ್ಲ, ಬೇಗ ಹರಿಯುವುದೂ ಇಲ್ಲ.

ಎಚ್ಚರದ ಮಾತು

ಮನೆಯ ಹೊಲಿಗೆಯಲ್ಲಿ ಪ್ರೀತಿಯಿದೆಯೆಂದು ಎಚ್ಚರವನ್ನು ಮರೆಯುವಂತಿಲ್ಲ. ಕೆಲವು ಅಪಾಯಗಳು ಕಣ್ಣಿಗೆ ಬೀಳುವಂಥವಲ್ಲ.

ಕೈಚೀಲ, ಕಾಲುಚೀಲಗಳ ಒಳಗೆ ಉಳಿದ ಸಡಿಲ ನೂಲೊಂದು ಕೂಸಿನ ಬೆರಳಿಗೆ ಸುತ್ತಿಕೊಂಡರೆ ರಕ್ತಸಂಚಾರ ನಿಂತು, ಬೆರಳಿಗೇ ಅಪಾಯ ಒದಗಬಹುದು. ಮಗು ಅಳುತ್ತದೆ, ಕಾರಣ ಚೀಲದೊಳಗೆ ಅಡಗಿರುವುದರಿಂದ ಯಾರಿಗೂ ತಿಳಿಯುವುದಿಲ್ಲ. ಹೊಲಿದೊಡನೆ ಒಳಗನ್ನು ಹೊರಗೆ ಮಾಡಿ ಪ್ರತಿಯೊಂದು ನೂಲಿನ ತುದಿಯನ್ನೂ ಕತ್ತರಿಸಬೇಕು. ಕಾರಣ ಕಾಣದ ಅಳುವಿಗೆ ಮೊದಲು ಕೈಕಾಲಿನ ಚೀಲಗಳನ್ನು ಬಿಚ್ಚಿ ನೋಡಬೇಕು.

ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿನಲ್ಲಿ ಗುಂಡಿ, ಮಣಿ, ಗೆಜ್ಜೆಗಳು ಗಂಟಲಿಗೆ ಸಿಕ್ಕುವ ಭಯವಿದೆ. ಮೂರು ವರ್ಷದವರೆಗೆ ಅವುಗಳ ಬದಲು ಬಟ್ಟೆಯ ಚಿಕ್ಕ ಲಾಡಿಗಳೇ ಲೇಸು. ಆ ಲಾಡಿಗಳೂ ಕೊರಳಿಗೆ ಬರಬಾರದು. ಜಾರುಬಂಡೆಗೂ ಬಸ್ಸಿನ ಬಾಗಿಲಿಗೂ ಉಡುಪಿನ ದಾರ ಸಿಕ್ಕಿಕೊಂಡು ಮಕ್ಕಳು ಸತ್ತ ಪ್ರಕರಣಗಳ ತರುವಾಯ, ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗವು 1996ರಲ್ಲಿ ಮಕ್ಕಳ ಮೇಲುಡುಪಿನ ತಲೆಗವಸು ಮತ್ತು ಕೊರಳಿನಲ್ಲಿ ಎಳೆದಾರ ಇರಕೂಡದೆಂದು ಸೂಚಿಸಿತು. ಗಲ್ಲದ ಕೆಳಗೆ ಕಟ್ಟುವ ಕುಲಾವಿ, ಕುಂಚಿಗೆಗಳನ್ನು ನಾಮಕರಣದ ಶೋಭೆಗೆ ತೊಡಿಸಿ, ಮಗುವನ್ನು ಮಲಗಿಸುವಾಗ ತಪ್ಪದೆ ತೆಗೆಯಬೇಕು.

ಮೂರನೆಯದು ಪೆಟ್ಟಿಗೆಯ ಅಪಾಯ. ಅಣ್ಣನ ಅಂಗಿಯನ್ನು ತಮ್ಮನಿಗೆಂದು ನ್ಯಾಫ್ತಲೀನಿನ ನುಸಿಗುಳಿಗೆ ಹಾಕಿ ಎತ್ತಿಡುವುದು ನಮ್ಮಲ್ಲಿ ರೂಢಿ. ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಈ ಗುಳಿಗೆಯ ಆವಿ ರಕ್ತದ ಕೆಂಪು ಕಣಗಳನ್ನು ಒಡೆದು ತೀವ್ರವಾದ ಕಾಮಾಲೆಯನ್ನು ತರಬಲ್ಲದು. ಯಾವ ಕೂಸಿಗೆ ಆ ಕೊರತೆಯಿದೆಯೆಂಬುದು ಮುಖ ನೋಡಿದರೆ ತಿಳಿಯುವುದಿಲ್ಲ. ಮಕ್ಕಳ ಬಟ್ಟೆಯ ಪೆಟ್ಟಿಗೆಗೆ ಒಣಗಿದ ಬೇವಿನೆಲೆ ಸಾಕು.

ಕೊನೆಯದಾಗಿ ಬೆಂಕಿ. ದೀಪಾವಳಿಗೆ ನೈಲಾನಿನ ಜಾಲರಿಯ ಫ್ರಾಕು ತೊಡಿಸಿ ಕೈಗೆ ಸುರುಸುರುಬತ್ತಿ ಕೊಡುವುದು ಅವಿವೇಕ. ಅಂಥ ನೂಲು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹತ್ತಿ ಕರಗದಿದ್ದರೂ ಉರಿಯುತ್ತದೆ. ಆದುದರಿಂದ ಹಬ್ಬದ ರಾತ್ರಿಗೆ ಮೈಗೆ ಹೊಂದಿ ಕೂರುವ, ಜೋಲಾಡದ ಹತ್ತಿಯ ಉಡುಪು ಇರಲಿ.

ಯಂತ್ರವೂ ಮನೆಯೂ

ಎಲಿಯಸ್ ಹೋವ್ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ಅಮೆರಿಕದಲ್ಲಿ ಹೊಲಿಗೆ ಯಂತ್ರಕ್ಕೆ ಹಕ್ಕುಪತ್ರ ಪಡೆದರು. 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ವರ್ಕ್ಸ್ ನಮ್ಮ ದೇಶದಲ್ಲಿಯೇ ‘ಉಷಾ’ ಯಂತ್ರವನ್ನು ತಯಾರಿಸತೊಡಗಿತು. 1924ರಲ್ಲಿ ಜಿ. ರಾಮಚಂದ್ರನ್ ಎಂಬ ತರುಣ ವಿದ್ಯಾರ್ಥಿ ಗಾಂಧೀಜಿಯವರನ್ನು, ತಾವು ಯಂತ್ರಗಳನ್ನೆಲ್ಲ ವಿರೋಧಿಸುತ್ತೀರಾ ಎಂದು ಕೇಳಿದಾಗ, ಅವರು ವಿನಾಯಿತಿಯಾಗಿ ಹೆಸರಿಸಿದ್ದು ಸಿಂಗರ್ ಹೊಲಿಗೆ ಯಂತ್ರವನ್ನು. ಹೆಂಡತಿ ಬೇಸರದಿಂದ ಹೊಲಿಯುತ್ತಿದ್ದುದನ್ನು ನೋಡಲಾರದೆ, ಅವಳ ಮೇಲಿನ ಪ್ರೀತಿಯಿಂದ ಸಿಂಗರ್ ಅದನ್ನು ರೂಪಿಸಿದನೆಂಬುದು ಗಾಂಧೀಜಿಯವರ ವಿವರಣೆಯಾಗಿತ್ತು. ಮನೆಯ ಒಂದು ಮೂಲೆಯಲ್ಲಿ ಕುಳಿತ ಆ ಯಂತ್ರ ನಮ್ಮ ನಾಡಿನಲ್ಲಿ ಎಷ್ಟೋ ಸಂಸಾರಗಳನ್ನು ದಡ ಸೇರಿಸಿದೆ. ಓಣಿಯವರ ರವಿಕೆ ಹೊಲಿದು ಮಕ್ಕಳನ್ನು ಓದಿಸಿದ ತಾಯಂದಿರು ಊರೂರಿನಲ್ಲಿದ್ದಾರೆ.

ಇಂದು ಸಿದ್ಧ ಉಡುಪು ಅಗ್ಗವಾಗಿ ದೊರೆಯುತ್ತದೆ. ಮನೆಯಲ್ಲಿ ಹೊಲಿದರೆ ಹಣ ಉಳಿದೇ ತೀರುತ್ತದೆಂದು ವಾದಿಸುವುದು ಪ್ರಾಮಾಣಿಕವಾಗದು. ಬಟ್ಟೆ, ನೂಲು, ಬಿಡುವು ಎಲ್ಲಕ್ಕೂ ಬೆಲೆಯಿದೆ. ಸಿದ್ಧ ಉಡುಪೂ ಯಂತ್ರದಿಂದ ತಾನಾಗಿ ಉದುರುವುದಿಲ್ಲ. ಬೆಂಗಳೂರಿನ ಕಾರ್ಖಾನೆಗಳಲ್ಲಿ ಲಕ್ಷಾಂತರ ಮಹಿಳೆಯರು ಹೊಲಿಯುತ್ತಾರೆ. ಒಬ್ಬಾಕೆ ದಿನವಿಡೀ ಕೊರಳುಪಟ್ಟಿಯನ್ನೇ, ಇನ್ನೊಬ್ಬಾಕೆ ತೋಳನ್ನೇ. ಅವರ ಕೈಚಳಕ ನಮ್ಮದಕ್ಕಿಂತ ಮಿಗಿಲು. ಆದರೆ ಆ ಅಂಗಿಯನ್ನು ತೊಡುವ ಮಗುವನ್ನು ಅವರು ಕಾಣಲಾರರು. ನಮಗೆ ಇರುವ ಅನುಕೂಲ ಅದೊಂದೇ: ಅಳತೆಯ ಮಗು ನಮ್ಮ ಮನೆಯಲ್ಲಿಯೇ ಇದೆ. ಅದರ ಕಂಕುಳಲ್ಲಿ ಬೆವರುಗುಳ್ಳೆ ಎದ್ದಿದೆಯೆ, ಎಡಗೈಯಿಂದ ಗುಂಡಿ ಹಾಕುತ್ತದೆಯೆ, ಯಾವ ಬಟ್ಟೆ ತೊಡಿಸಿದರೆ ಕಿತ್ತೆಸೆಯುತ್ತದೆ ಎಂಬುದನ್ನು ನಾವಲ್ಲದೆ ಬೇರೆ ಯಾರೂ ಅರಿಯರು. ಈ ಅರಿವೇ ಮನೆಯ ಹೊಲಿಗೆಯ ಬಂಡವಾಳ. ಅಂಗಡಿಯಲ್ಲಿ ಕೊಳ್ಳುವವರಿಗೂ ಇದು ಬೇಕು; ಕೊರಳು ಎಷ್ಟು ತೆರೆಯುತ್ತದೆ, ಒಳಗಿನ ಹೊಲಿಗೆ ಒರಟಾಗಿದೆಯೆ ಎಂದು ತಿರುವಿ ನೋಡಿ ಕೊಳ್ಳುವ ಕಣ್ಣು ಒಮ್ಮೆಯಾದರೂ ಹೊಲಿದವರಿಗೆ ಬೇಗ ಬರುತ್ತದೆ.

ತಂದೆಯಂದಿರಿಗೆ ಒಂದು ಮಾತು. ನಮ್ಮ ಪೇಟೆಯ ದರ್ಜಿಗಳಲ್ಲಿ ಬಹುಮಂದಿ ಗಂಡಸರು. ಕೂಲಿಗೆ ಹೊಲಿಯುವಾಗ ಗಂಡಸಿನ ಕೆಲಸವಾಗುವುದು ಮನೆಯಲ್ಲಿ ಹೊಲಿಯುವಾಗ ಹೆಂಗಸಿನ ಕೆಲಸವಾಗುವುದೇಕೆ? ಭಾನುವಾರ ಮಧ್ಯಾಹ್ನದ ಎರಡು ಗಂಟೆಯಲ್ಲಿ ಒಂದು ಜಬಲಾ ಮುಗಿಯುತ್ತದೆ.

ಮೂರು ನಾಲ್ಕು ವರ್ಷದ ಮಗುವಿಗೆ ಹೊಲಿಯುವಾಗ ಅದನ್ನೂ ಒಂದು ಮಾತು ಕೇಳಿರಿ. ಬಣ್ಣದ ಬಗ್ಗೆ, ನೆರಿಗೆಯ ಬಗ್ಗೆ ಅದು ಹೆಚ್ಚಾಗಿ ಏನೂ ಹೇಳದು. ಜೇಬು ಬೇಕೆಂದು ಮಾತ್ರ ಖಂಡಿತವಾಗಿ ಹೇಳುತ್ತದೆ. ಹುಡುಗನ ಚಡ್ಡಿಗೆ ಎರಡು ಜೇಬು ಇಡುವ ನಾವು ಹುಡುಗಿಯ ಲಂಗಕ್ಕೆ ಒಂದನ್ನೂ ಇಡುವುದಿಲ್ಲ. ಅವಳು ಹೆಕ್ಕಿದ ಹುಣಿಸೆಬೀಜವನ್ನು ಮುಷ್ಟಿಯಲ್ಲಿ ಹಿಡಿದೇ ತಿರುಗಬೇಕು. ಉಳಿದ ತುಂಡಿನಲ್ಲಿ ಅವಳ ಅಂಗೈ ಹಿಡಿಸುವಷ್ಟು ಒಂದು ಜೇಬು ಹಚ್ಚಿಕೊಡಿರಿ. ಅಳತೆಗೆ ಪಟ್ಟಿ ಬೇಡ, ಅವಳ ಅಂಗೈಯನ್ನೇ ಬಟ್ಟೆಯ ಮೇಲೆ ಇರಿಸಿ ಗೆರೆ ಎಳೆದರಾಯಿತು.